ಪಂಕ್ತಿಯ ನಡುವೆ ಎದ್ದವಳು

ಇದನ್ನು ಓದುವವರಲ್ಲಿ ಕೆಲವರಾದರೂ, ಹೊಸದೊಂದು ಮನೆಗೆ ಕಾಲಿಟ್ಟ ಕೂಡಲೇ ಮನೆಯವರ ಮುಖ ನೋಡುವ ಮೊದಲು ಶೌಚಾಲಯದ ಬಾಗಿಲು ಯಾವ ಕಡೆ ಇದೆ ಎಂದು ನೋಡುವವರು ಇದ್ದೀರಿ. ನೀವು ಯಾರೆಂದು ನನಗೆ ಗೊತ್ತಿಲ್ಲ, ಹೇಗೆ ನೋಡುತ್ತೀರಿ ಎಂಬುದು ಗೊತ್ತು. ಚಪ್ಪಲಿ ಬಿಡುವ ನೆಪದಲ್ಲಿ ಒಂದು ಕ್ಷಣ ತಡೆದು, ಒಳಗಿನ ನಡುಮನೆಯನ್ನು ಕಣ್ಣಲ್ಲೇ ಅಳೆದು, ಆಮೇಲೆ ನಗುತ್ತೀರಿ. ಈ ಬರಹ ಮುಖ್ಯವಾಗಿ ನಿಮಗಾಗಿ. ಉಳಿದವರೂ ಓದಿದರೆ, ಊಟದ ನಡುವೆ ಎದ್ದು ಹೋಗುವ ಮನುಷ್ಯನ ಬಗ್ಗೆ ತುಸು ನಿಧಾನವಾಗಿ ತೀರ್ಪು ಕೊಡಲು ಇದು ನೆರವಾದೀತು.

ನನಗಿರುವುದು ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣಾಗುವ ಕಾಯಿಲೆ. ವೈದ್ಯರು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ. ಅದರ ಕಾರಣ ಮತ್ತು ಲಕ್ಷಣಗಳ ವಿವರಣೆ ಬೇಕಾದವರು ವೈದ್ಯರನ್ನೇ ಕೇಳಬೇಕು. ನಾನು ಹೇಳಬಲ್ಲದ್ದು ಬೇರೆ: ಈ ಕಾಯಿಲೆಯೂ ನನ್ನ ಸ್ವಭಾವವೂ ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದ ಬಗೆ, ಮತ್ತು ಆ ಕೋಣೆಯ ಚಿಲಕವನ್ನು ಬಹುಕಾಲ ನಾನೇ ಒಳಗಿನಿಂದ ಹಿಡಿದುಕೊಂಡು ನಿಂತ ಬಗೆ.

ನಾನು ಹುಟ್ಟಿದ್ದು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ. ಅಪ್ಪಯ್ಯ ಕುಂದಾಪುರದ ಕಡೆಯವರು. ಕ್ಯಾಂಪಿನ ಹಳೆಯ ಮಾರುಕಟ್ಟೆಯ ಪಕ್ಕದಲ್ಲಿ ಅವರದೊಂದು ಹೋಟೆಲು. ಕಾಲೇಜು ಮಾತ್ರ ಉಡುಪಿಯಲ್ಲಿ, ಅಜ್ಜಿಯ ಮನೆಯಲ್ಲಿದ್ದು ಓದಿದೆ. ಅಲ್ಲಿನ ಚರ್ಚಾಸ್ಪರ್ಧೆಗಳು ನನ್ನನ್ನು ರೂಪಿಸಿದವು. ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ಕಟ್ಟಿ, ಆಮೇಲೆ ಅದನ್ನು ಒಂದೊಂದೇ ಕಲ್ಲಾಗಿ ಕಿತ್ತು ಕೆಡವುವುದನ್ನು ಅಲ್ಲಿ ಕಲಿತೆ. ಮದುವೆಯಾಗಿ ಬಂದದ್ದು ಪುಣೆಯದೇ ಖಡಕಿಗೆ, ಬೆಳಗಾವಿ ಮೂಲದ ಮನೆಗೆ. ಗಂಡ ಗಿರೀಶ ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ನಾನು ತಳೇಗಾಂವದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಪರಿಚಯ ಎಂದರೆ ಸಹಪಂಕ್ತಿ. ನಮ್ಮವರದೇ ಒಂದು ಮದುವೆಯಲ್ಲಿ, ಪಾತ್ರೆ ತೊಳೆಯಲು ಬಂದ ಹೆಂಗಸರಿಗೆ ಎಲ್ಲರ ಊಟವಾದ ಮೇಲೆ ಹಿತ್ತಿಲ ಬಾಗಿಲಲ್ಲಿ ಉಳಿದದ್ದನ್ನು ಕೊಡುವುದನ್ನು ಕಂಡು ನಾನು ಉಣ್ಣದೆ ಮನೆಗೆ ಬಂದಿದ್ದೆ. ಆ ಸಿಟ್ಟಿನಿಂದ ಹುಟ್ಟಿದ ವಾರ್ಷಿಕ ಊಟ ಅದು. ಅಡುಗೆಯವರು, ಸಭಾಭವನ ಗುಡಿಸುವವರು, ಪಾತ್ರೆ ತೊಳೆಯುವವರು, ಬ್ಯಾಂಕಿನವರು, ಐಟಿ ಕಂಪನಿಯವರು, ಪುಣೆಯಲ್ಲಿ ಕನ್ನಡ ಮಾತನಾಡುವ ಯಾರೇ ಆಗಲಿ, ನೆಲದ ಮೇಲೆ ಒಂದೇ ಪಂಕ್ತಿಯಲ್ಲಿ ಕೂರಬೇಕು. ಮೊದಲ ವರ್ಷ ಒಂದು ತೊಡಕು ಕಂಡಿತು. ಬೇಗ ಉಂಡವರು ಬೇಗ ಎದ್ದು ಕೈ ತೊಳೆದು ಕಾರು ಹತ್ತಿದರು. ಹಾಗೆ ಎದ್ದವರೆಲ್ಲ ಒಂದೇ ವರ್ಗದವರು. ಉಳಿದವರು ಬರಿದಾದ ಪಂಕ್ತಿಯಲ್ಲಿ ತಲೆ ತಗ್ಗಿಸಿ ಅವಸರದಿಂದ ನುಂಗಿದರು. ಮರುವರ್ಷ ನಾನು ಒಂದು ನಿಯಮ ಮಂಡಿಸಿದೆ: ಕೊನೆಯವರ ಊಟ ಮುಗಿಯುವವರೆಗೆ ಯಾರೂ, ಯಾವ ಕಾರಣಕ್ಕೂ, ಪಂಕ್ತಿಯಿಂದ ಏಳುವಂತಿಲ್ಲ. ಸಭೆ ಚಪ್ಪಾಳೆ ತಟ್ಟಿ ಒಪ್ಪಿತು. ಈಗಲೂ ಆ ನಿಯಮದ ಹಿಂದಿನ ನ್ಯಾಯದಲ್ಲಿ ನನಗೆ ನಂಬಿಕೆಯಿದೆ.

ಊಟ ಪ್ರತಿವರ್ಷವೂ ಅಪ್ಪಯ್ಯನ ಹೋಟೆಲಿನಿಂದ ಬರುತ್ತದೆ. ಸಾರಿನ ಸೌಟನ್ನು ಅವರು ಯಾರ ಕೈಗೂ ಕೊಡುವುದಿಲ್ಲ, ಕೂರುವುದೂ ಇಲ್ಲ.

“ಬಡಿಸುವವರೂ ಕೂತ್ಕೊಳ್ಬೇಕು ಅಪ್ಪಯ್ಯ. ಅದೇ ಇದರ ತತ್ವ,” ಎಂದರೆ, “ಎಲ್ಲರೂ ಕೂತ್ರೆ ಸಾರು ತಾನೇ ನಡ್ಕೊಂಡು ಬರ್ತದಾ ಮಾರಾಯ್ತಿ?” ಎನ್ನುತ್ತಾರೆ.

ಆ ವಾದದಲ್ಲಿ ನಾನು ಒಮ್ಮೆಯೂ ಗೆದ್ದಿಲ್ಲ.

ಕಾಯಿಲೆ ಮೊದಲು ನನ್ನನ್ನು ಹಿಡಿದದ್ದು ರೈಲಿನಲ್ಲಿ. ಖಡಕಿಯಿಂದ ತಳೇಗಾಂವಕ್ಕೆ ಹೋಗುವ ಲೋಕಲ್‌ನಲ್ಲಿ ಶೌಚಾಲಯವಿಲ್ಲ. ಅಷ್ಟು ವರ್ಷ ಓಡಾಡಿದರೂ ನಾನು ಅದನ್ನು ಗಮನಿಸಿರಲಿಲ್ಲ. ಗಮನಿಸುವ ಅಗತ್ಯ ಬಿದ್ದಿರಲಿಲ್ಲ. ಆ ಮುಂಜಾನೆ ಪಿಂಪ್ರಿ ದಾಟುತ್ತಿದ್ದಂತೆ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ಆಕುರ್ಡಿಯಲ್ಲಿ ಇಳಿದು ಓಡಿದೆ. ಮುಂದಿನ ಗಾಡಿ ಹಿಡಿದು ಹೊರಟರೆ ದೇಹೂರೋಡಿನಲ್ಲಿ ಮತ್ತೆ ಇಳಿಯಬೇಕಾಯಿತು. ಕಾಲೇಜು ಮುಟ್ಟುವಷ್ಟರಲ್ಲಿ ನನ್ನ ತರಗತಿ ಮುಗಿದಿತ್ತು. ರಕ್ತ ಕಂಡದ್ದು ಅದೇ ವಾರ. ಯಾರಿಗೂ ಹೇಳಲಿಲ್ಲ. ಮೂಲವ್ಯಾಧಿ ಇರಬೇಕು ಎಂದು ನನ್ನ ಪರವಾಗಿ ನಾನೇ ವಾದಿಸಿದೆ, ವಿರೋಧ ಪಕ್ಷಕ್ಕೆ ಮಾತನಾಡಲು ಅವಕಾಶವನ್ನೇ ಕೊಡಲಿಲ್ಲ.

ಆಮೇಲೆ ಬೆಳಗಿನ ತಿಂಡಿ ಬಿಟ್ಟೆ. ನಂತರ ಹಿಂದಿನ ರಾತ್ರಿಯ ಊಟ ಬಿಟ್ಟೆ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಏನೂ ಆಗದು ಎಂಬುದು ನನ್ನ ತರ್ಕ. ತರ್ಕ ಸರಿಯಾಗಿತ್ತು, ಕರುಳಿಗೆ ತರ್ಕ ಬರುತ್ತಿರಲಿಲ್ಲ. ಹೊಟ್ಟೆ ಬರಿದಾಗಿದ್ದರೂ ಅದು ಹಿಂಡುತ್ತಲೇ ಇತ್ತು. ಕ್ಯಾಂಪಿಗೆ ಹೋಗುವುದನ್ನು ಬಿಟ್ಟೆ, ಸಿನೆಮಾ ಬಿಟ್ಟೆ, ಗೆಳತಿಯರ ಮನೆ ಬಿಟ್ಟೆ. ಊರು ದೊಡ್ಡದಾಗಿಯೇ ಇತ್ತು. ನನ್ನ ಪಾಲಿನ ಊರು ಮಾತ್ರ ದಿನದಿನಕ್ಕೂ ಕುಗ್ಗುತ್ತ, ಕೊನೆಗೆ ನಮ್ಮ ಮನೆಯ ಮಲಗುವ ಕೋಣೆಯಿಂದ ಬಚ್ಚಲಿನವರೆಗಿನ ದಾರಿಯಷ್ಟಕ್ಕೆ ಬಂದು ನಿಂತಿತು.

ಕಂಡುಹಿಡಿದವರು ಅತ್ತೆ. ಬಚ್ಚಲ ಬಾಗಿಲಿನ ಹೊರಗೆ ನಿಂತು ಅವರು ಕೂಗಿದ್ದು ಈಗಲೂ ಕಿವಿಯಲ್ಲಿದೆ.

“ಸುಮನಾ, ಒಳಗ ಭಾಷಣಾ ತಯಾರ್ ಮಾಡಾಕತ್ತೀ ಏನವಾ? ಮುಂಜಾನಿಂದ ಎಷ್ಟನೇ ಸಲ ಇದು?”

“ಏನಿಲ್ರೀ ಅತ್ತಿ, ಹೊಟ್ಟಿ ಸ್ವಲ್ಪ ಕೆಟ್ಟದ.”

“ಸ್ವಲ್ಪ ಕೆಟ್ಟ ಹೊಟ್ಟಿಗೆ ಮಾರಿ ಇಷ್ಟು ಬೆಳ್ಳಗ ಆಗೂದಿಲ್ಲ. ಗಿರೀಶಾ, ರಿಕ್ಷಾ ಕರಿ!”

ಆಸ್ಪತ್ರೆಯಲ್ಲಿ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆಗೆ ಕಾಯುವ ಕೋಣೆಯೊಂದಿದೆ. ಅಲ್ಲಿ ಕೂತವರೆಲ್ಲ ಹಿಂದಿನ ದಿನದಿಂದ ಉಪವಾಸ. ಉಪ್ಪುಪ್ಪಾದ ಔಷಧದ ನೀರನ್ನು ಬಿಂದಿಗೆಗಟ್ಟಲೆ ಕುಡಿದು ಒಳಗನ್ನು ತೊಳೆದುಕೊಂಡು ಬಂದವರು. ಗೋಡೆಯ ಮೇಲಿನ ಟೀವಿಯಲ್ಲಿ ಯಾರೋ ಮಿಸಳ್ ಎಂಬ ಖಾರದ ಕಾಳಿನ ತಿಂಡಿ ಮಾಡುವುದನ್ನು ಕಲಿಸುತ್ತಿದ್ದರು. ಎಣ್ಣೆಯ ಕೆಂಪು ಪದರ ತೇಲುವುದನ್ನು ಹತ್ತಿರದಿಂದ ತೋರಿಸಿದಾಗ ನನ್ನ ಪಕ್ಕದ ವೃದ್ಧರೊಬ್ಬರು ಕಣ್ಣು ಮುಚ್ಚಿಕೊಂಡು ರಾಮನ ಹೆಸರು ಹೇಳಿದರು. ಎದುರಿನ ಹೆಂಗಸು ನಕ್ಕಳು. ಆಮೇಲೆ ನಾವೆಲ್ಲರೂ ನಕ್ಕೆವು, ಆದಷ್ಟು ಮೆಲ್ಲಗೆ, ಏಕೆಂದರೆ ಜೋರಾಗಿ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಬಹಳ ದಿನಗಳ ಮೇಲೆ ನಾನು ಅಪರಿಚಿತರ ನಡುವೆ ಹೆದರದೆ ಕೂತಿದ್ದೆ.

ವೈದ್ಯರು ಮರಾಠಿಯಲ್ಲಿ ಹೇಳಿದರು: “ಆಜಾರ ಬರಾ ಹೋಣಾರ ನಾಹೀ, ಪಣ ಶಾಂತ ರಾಹೀಲ.” ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ತಣ್ಣಗಿದ್ದೀತು. ನಾನು ‘ಆದರೆ’ಯ ನಂತರದ್ದನ್ನು ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಂಡದ್ದು ಅದರ ಹಿಂದಿನದನ್ನು. ಮನೆಗೆ ಬರುವ ರಿಕ್ಷಾದಲ್ಲಿ ಗಿರೀಶ ನನ್ನ ಕೈ ಹಿಡಿದು ಕೂತಿದ್ದರು. ನಾನು ಕರುಳನ್ನೇ ತೆಗೆಸಿ ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಂಡು ವೇದಿಕೆ ಹತ್ತುವುದು ಹೇಗೆ ಎಂದು ಯೋಚಿಸುತ್ತಿದ್ದೆ.

ಅಪ್ಪಯ್ಯನಿಗೆ ಹೇಳಲು ಹೋಟೆಲಿಗೇ ಹೋದೆ. ಅವರು ಗಲ್ಲಾದ ಹಿಂದಿನಿಂದ ಎದ್ದು ನನ್ನನ್ನು ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ತೆಂಗಿನಕಾಯಿ ರಾಶಿಯ ಪಕ್ಕ ನಿಂತು ಎಲ್ಲವನ್ನೂ ಕೇಳಿದರು. ಕಣ್ಣು ತುಂಬಿತ್ತು. ಆದರೆ ಬಾಯಿಂದ ಬಂದ ಮಾತು ಬೇರೆ.

“ಯಾರತ್ರವೂ ಹೇಳ್ಬೇಡ ಮಗಾ. ಹೋಟೆಲಿನವರ ಮಗಳಿಗೆ ಹೊಟ್ಟೆಸೀಕು ಅಂದ್ರೆ ಜನ ಎಂತ ತಿಳ್ಕೊಳ್ತಾರೆ? ನಿನ್ನ ಕರುಳಿನ ಹೆಸರು ಯಾರಿಗೂ ನೆನಪಿರೂದಿಲ್ಲ. ನಮ್ಮ ಸಾಂಬಾರಿನ ಹೆಸರು ನೆನಪಿರ್ತದೆ.”

“ಇದು ಊಟದಿಂದ ಬಂದದ್ದಲ್ಲ ಅಪ್ಪಯ್ಯ.”

“ನಂಗೆ ಗೊತ್ತುಂಟು. ಗಿರಾಕಿಗೆ ಗೊತ್ತುಂಟಾ?”

ಊಟ ಮಾರಿ ಬದುಕುವ ಮನೆಗಳಲ್ಲಿ ಹೊಟ್ಟೆನೋವು ಒಂದು ಆಪಾದನೆ. ಚಿಕ್ಕಂದಿನಲ್ಲಿ ನಮಗೆ ವಾಂತಿಯಾದರೆ ಕೂಡ ಜ್ವರ ಎಂದೇ ಶಾಲೆಗೆ ಹೇಳಿ ಕಳುಹಿಸುತ್ತಿದ್ದರು. ಅಪ್ಪಯ್ಯನ ಮಾತಿನಲ್ಲಿ ಸ್ವಾರ್ಥವಿರಲಿಲ್ಲ. ಆ ಹೋಟೆಲಿನಲ್ಲಿ ಊರಿನಿಂದ ಬಂದ ಎಷ್ಟೋ ಮನೆಗಳ ಅನ್ನ ಬೇಯುತ್ತಿತ್ತು. ಹೇಳುವುದಿಲ್ಲ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನನ್ನ ಸ್ವಭಾವದಂತೆ ಅಕ್ಷರಶಃ ಪಾಲಿಸಿದೆ.

ಹೀಗೆ ನನ್ನ ಸುತ್ತ ಎರಡು ಗೋಡೆ ಎದ್ದವು. ಒಂದು, ಹೊರಗೆ ಹೋಗಲಾರೆ. ಇನ್ನೊಂದು, ಏಕೆ ಹೋಗಲಾರೆ ಎಂದು ಹೇಳಲಾರೆ. ಆ ವರ್ಷದ ಸಹಪಂಕ್ತಿಗೆ ಕಾಲೇಜಿನ ಪರೀಕ್ಷಾ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡೆ. ಮರುದಿನ ಸಮಿತಿಯ ದೇಸಾಯಿಯವರು ಫೋನು ಮಾಡಿದರು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, ಮೊದಲ ವರ್ಷದಿಂದಲೂ ನನ್ನ ಜೊತೆಗಿದ್ದವರು.

“ಅಕ್ಕಾರ, ನೀವs ಇಲ್ಲಾಂದ್ರ ಪಂಕ್ತಿ ಅನಾಥ ಆಗ್ತದ್ರಿ. ನಿನ್ನೆ ಜನಾ ಅರ್ಧಕ್ಕರ್ಧ ಎದ್ದು ಹೋದ್ರು. ಯಾರೂ ತಡೀಲಿಲ್ಲ. ಮುಂದಿನ ವರ್ಷಾನೂ ನೀವು ಬರಲಿಲ್ಲಂದ್ರ, ನಿಲ್ಲಿಸಿಬಿಡೂಣು ಅಂತ ಕೆಲವ್ರು ಅಂತಾರ.”

ಬರುತ್ತೇನೆ ಎಂದೆ. ಮಾತು ಕೊಟ್ಟೆ. ಫೋನು ಇಟ್ಟು ಬಚ್ಚಲಿಗೆ ಹೋದೆ.

ಸ್ಟಿರಾಯ್ಡ್ ಮಾತ್ರೆಗಳು ಹುಣ್ಣನ್ನು ತಣಿಸಿದವು, ನನ್ನನ್ನು ಕೆರಳಿಸಿದವು. ಮುಖ ಚಂದ್ರನಂತೆ ಊದಿಕೊಂಡಿತು. ಓಣಿಯವರು “ಉಂಡದ್ದು ಮೈಗೆ ಹತ್ತೇದ ನೋಡ್ರಿ, ಈಗ ಚಂದ ಕಾಣ್ತೀರಿ” ಎಂದು ಹೊಗಳಿದರು. ಚಮಚ ಬಿದ್ದ ಸದ್ದಿಗೆ ಅಳು ಬರುತ್ತಿತ್ತು. ಪ್ರಮಾಣ ಕಡಿಮೆ ಮಾಡಿದರೆ ಹುಣ್ಣು ಮತ್ತೆ ಕೆಂಪಾಗುತ್ತಿತ್ತು. ಆ ದಿನಗಳಲ್ಲಿ ಎಲ್ಲರೂ ನನಗೆ ಒಂದೇ ಮಾತು ಹೇಳಿದರು, ಬೇರೆ ಬೇರೆ ಧಾಟಿಯಲ್ಲಿ. “ಸಿಟ್ಟು ನುಂಗಿ ನುಂಗಿ ಹಿಂಗಾತು,” ಎಂದರು ಅತ್ತೆ. “ನೀನು ಎಲ್ಲವನ್ನೂ ತಲೆಗೆ ಹಚ್ಕೊಳ್ತೀ,” ಎಂದರು ಅಪ್ಪಯ್ಯ. ನನ್ನ ಸಹೋದ್ಯೋಗಿಯೊಬ್ಬರು ಸಮಾಜಸುಧಾರಕರಿಗೆಲ್ಲ ಹೊಟ್ಟೆ ಹುಣ್ಣು ತಪ್ಪದು ಎಂದು ನಗುತ್ತ ಹೇಳಿದರು. ಅವರಿಗೆ ನಿಜ ಗೊತ್ತಿರಲಿಲ್ಲ.

ಈ ವಾದವನ್ನು ನಾನು ಇಂದಿಗೂ ಖಂಡಿಸುತ್ತೇನೆ. ರೋಗಿಯ ಸ್ವಭಾವವೇ ರೋಗಕ್ಕೆ ಕಾರಣ ಎಂದು ಹೇಳುವವರು ಎರಡು ಕೆಲಸ ಮಾಡುತ್ತಾರೆ: ನೋವಿರುವವನ ಹೆಗಲ ಮೇಲೆ ಅಪರಾಧವನ್ನೂ ಹೇರುತ್ತಾರೆ, ಮತ್ತು ತಮಗೆ ಆ ಸ್ವಭಾವವಿಲ್ಲವಾದ್ದರಿಂದ ತಮಗೆ ಆ ರೋಗ ಬರದೆಂದು ಒಳಗೊಳಗೇ ಸಮಾಧಾನ ಪಡುತ್ತಾರೆ. ಮೊದಲನೆಯದು ಕ್ರೌರ್ಯ, ಎರಡನೆಯದು ಮೂಢನಂಬಿಕೆ. ಈ ಮಾತುಗಳನ್ನೆಲ್ಲ ಕಟ್ಟಿಟ್ಟುಕೊಂಡು, ಯುದ್ಧಕ್ಕೆ ಸಿದ್ಧಳಾಗಿ, ವೈದ್ಯರು ಕಳುಹಿಸಿದ ಆಪ್ತಸಲಹೆಗಾರ್ತಿಯ ಕೋಣೆಗೆ ಹೋದೆ. ಕೇತಕಿ ಎಂಬ ಆ ಮರಾಠಿ ಹುಡುಗಿ ನನ್ನ ವಿದ್ಯಾರ್ಥಿನಿಯರಿಗಿಂತ ತುಸು ದೊಡ್ಡವಳಿರಬೇಕು. ನಾವು ಮರಾಠಿಯಲ್ಲಿ ಮಾತನಾಡಿದೆವು. ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೆ ಆಕೆ ಕಾದಳು.

“ನಿಮ್ಮ ಸ್ವಭಾವದಿಂದ ಹುಣ್ಣಾಯಿತು ಎಂದು ನಾನು ಹೇಳಿಲ್ಲವಲ್ಲ,” ಎಂದಳು. “ನನ್ನ ಹತ್ತಿರ ಇದೇ ಕಾಯಿಲೆಯವರು ಬರುತ್ತಾರೆ. ಕೆಲವರು ಅವಸರವಾದರೆ ಕಂಡಕ್ಟರನಿಗೆ ಹೇಳಿ ಬಸ್ಸು ನಿಲ್ಲಿಸುತ್ತಾರೆ. ಕೆಲವರು ಹೇಳಲು ನಾಚಿ, ಹಲ್ಲು ಕಚ್ಚಿಕೊಂಡು ಕೂತಿರುತ್ತಾರೆ. ನೀವು ಯಾವ ಬಗೆಯವರು?”

“ನಾನು ಬಸ್ಸನ್ನೇ ಹತ್ತುವುದಿಲ್ಲ,” ಎಂದೆ.

ಆಕೆಯ ಈ ಮಾತನ್ನು ಮಾತ್ರ ಒಪ್ಪಿಕೊಂಡೆ. ಒಂದೇ ರೋಗ ಇಬ್ಬರ ಕರುಳಿನಲ್ಲಿ ಒಂದೇ ರೀತಿ ಇದ್ದರೂ, ಅದು ಅವರ ದಿನವನ್ನು ಎಷ್ಟು ತಿನ್ನುತ್ತದೆ ಎಂಬುದು ಒಂದೇ ಆಗಿರುವುದಿಲ್ಲ. ಯಾರಿಗೂ ಹೊರೆಯಾಗಬಾರದು, ಆಡಿದ ಮಾತು ತಪ್ಪಬಾರದು, ಹಿಡಿದ ಕೆಲಸ ಅರ್ಧಕ್ಕೆ ಬಿಡಬಾರದು ಎಂಬ ನನ್ನ ಗುಣಗಳನ್ನು ನಾನು ಸದ್ಗುಣಗಳೆಂದು ಬಲ್ಲೆ. ಈಗಲೂ ಅವು ಸದ್ಗುಣಗಳೇ. ಆದರೆ ಕರುಳು ಕೆಟ್ಟವಳ ಕೈಯಲ್ಲಿ ಅವು ಬಾಗಿಲ ಅಗುಳಿಯಂತೆ ಕೆಲಸ ಮಾಡುತ್ತವೆ.

ಕೇತಕಿ ಕೊಟ್ಟ ಅಭ್ಯಾಸ ವಿಚಿತ್ರವಾಗಿತ್ತು: ದಿನಕ್ಕೊಂದು ಕೆಲಸವನ್ನು ಬೇಕೆಂದೇ ಅರ್ಧಕ್ಕೆ ಬಿಡಬೇಕು, ಬಿಟ್ಟದ್ದರಿಂದ ಆಗುವ ಕಸಿವಿಸಿಯನ್ನು ಸುಮ್ಮನೆ ನೋಡಬೇಕು. ಮೊದಲ ದಿನ ನಾನು ಪಾತ್ರೆಗಳನ್ನು ಅರ್ಧ ತಿಕ್ಕಿ ಎದ್ದು ಬಂದೆ. ಅತ್ತೆ ಅಡುಗೆಮನೆಯಿಂದ ಕರೆದರು.

“ಸುಮನಾ, ಯಾಕವಾ, ನೀರು ಹೋತೇನು?”

“ಇಲ್ರೀ ಅತ್ತಿ. ಡಾಕ್ಟರು ಅರ್ಧಾ ಭಾಂಡೆ ಅಷ್ಟs ತಿಕ್ಕು ಅಂದಾರ.”

ಅತ್ತೆ ಬಾಗಿಲಿಗೆ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಹೌದಾ? ಉಳಿದರ್ಧಾ ಯಾರು ತಿಕ್ಕಬೇಕಂತ, ಅದನ್ನೂ ಹೇಳ್ಯಾರೇನು? ಭಾಳ ಶ್ಯಾಣ್ಯಾಕಿ ಇದ್ದಾಳ ನಿನ್ನ ಡಾಕ್ಟರು. ನಮ್ಮ ಅತ್ತಿ ಕಾಲಕ್ಕ ಇಂಥ ಡಾಕ್ಟರು ನನಗ ಸಿಗಲಿಲ್ಲ ನೋಡು.”

ಬೈಯುತ್ತಲೇ ಉಳಿದರ್ಧ ತಿಕ್ಕಿದರು. ಮರುದಿನದಿಂದ ನಾನು ಕೇಳದೆಯೇ ಸಿಂಕಿನ ಮುಂದೆ ನಿಲ್ಲುತ್ತಿದ್ದರು. ನನಗಾಗಿ ಮೆತ್ತಗೆ ಬೇಯಿಸಿದ ಅನ್ನಕ್ಕೆ ಮಜ್ಜಿಗೆ ಕಲಸಿ ಮುಚ್ಚಿಡುತ್ತಿದ್ದರು. ಬಚ್ಚಲಿನಲ್ಲಿ ಗೋಡೆಗೆ ಒಂದು ಹಿಡಿಕೆ ಹಾಕಿಸಿದ್ದೂ ಅವರೇ. ಕೇಳಿದರೆ, ತಮ್ಮ ಮೊಣಕಾಲಿಗೆ ಎಂದರು.

ಸಹಪಂಕ್ತಿ ಹತ್ತಿರ ಬಂತು. ಹುಣ್ಣು ಪೂರ್ತಿ ತಣಿದಿರಲಿಲ್ಲ. ನಾನು ಲೆಕ್ಕ ಹಾಕತೊಡಗಿದೆ: ಊಟದ ಮಧ್ಯೆ ಎದ್ದರೆ ನಿಯಮ ಮುರಿದವಳು ನಾನೇ ಆಗುತ್ತೇನೆ. ಅದಕ್ಕಿಂತ ಕೆಟ್ಟದ್ದೆಂದರೆ, ಅಪ್ಪಯ್ಯನ ಊಟ ಉಣ್ಣುತ್ತ ಉಣ್ಣುತ್ತ ಅವರ ಮಗಳೇ ಹೊಟ್ಟೆ ಹಿಡಿದುಕೊಂಡು ಶೌಚಾಲಯಕ್ಕೆ ಓಡಿದಳು ಎಂದಾಗುತ್ತದೆ. ಹೋಗದೆ ಉಳಿದರೆ ಸಹಪಂಕ್ತಿಯೇ ಉಳಿಯದು.

ಗಿರೀಶ ಸುಲಭವಾಗಿ ಹೇಳಿದರು: “ನಿಯಮಾ ತೆಗದು ಹಾಕು. ನೀನs ಮಾಡೀದಿ, ನೀನs ತೆಗಿ.”

“ಸ್ಥಾಪಿಸಿದವಳ ಅನುಕೂಲಕ್ಕೆ ಬದಲಾಗುವ ನಿಯಮ ನಿಯಮವಲ್ಲ.”

“ಊರ ಮಂದಿಗೆಲ್ಲಾ ಸಮಾನತಾ ಕೊಡ್ತೀ. ನಿನ್ನ ಹೊಟ್ಟಿಗೆ ಮಾತ್ರ ಒಂದು ರಜಾ ಕೊಡಾಂಗಿಲ್ಲ,” ಎಂದು ಅವರು ಪೇಪರು ಮುಖಕ್ಕೆ ಅಡ್ಡ ಹಿಡಿದರು.

ಆ ದಿನ ಬಂದಾಗ ಹಿಂದಿನ ಸಂಜೆಯಿಂದ ಏನೂ ತಿಂದಿರಲಿಲ್ಲ. ಖಡಕಿಯಲ್ಲಿ ನಾವು ಬಾಡಿಗೆಗೆ ಹಿಡಿಯುವ ಸಭಾಭವನದಲ್ಲಿ ಶೌಚಾಲಯ ಇರುವುದು ಹಿಂದಿನ ಅಂಗಳ ದಾಟಿದ ಮೇಲೆ, ಒಂದೇ ಒಂದು. ಎರಡು ಸಾಲುಗಳು ಎದುರುಬದುರಾಗಿ ಗೋಡೆಯಿಂದ ಗೋಡೆಗೆ ತುಂಬಿದ್ದವು. ನನ್ನ ಎಡಕ್ಕೆ ಅತ್ತೆ, ಬಲಕ್ಕೆ ಸಭಾಭವನ ಗುಡಿಸುವ ಶಾಂತಾಬಾಯಿ, ಎದುರಿಗೆ ದೇಸಾಯಿ ದಂಪತಿ, ಅವರ ಪಕ್ಕ ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿ, ತುಂಬು ಬಸುರಿ. ಬಾಳೆಲೆಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಂದವು. ನಾನು ಎದ್ದು ನಿಂತು ಎಂದಿನಂತೆ ನಿಯಮವನ್ನು ಓದಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಕೂತೆ.

ಅಪ್ಪಯ್ಯ ಸಾರು ಬಡಿಸುತ್ತ ನನ್ನ ಎಲೆಯ ಮುಂದೆ ಬಂದರು. “ಸ್ವಲ್ಪ ಹಾಕ್ಲಾ?” ಎಂದು ಮೆಲ್ಲಗೆ ಕೇಳಿದರು. ಖಾರವಿಲ್ಲದ ಸಾರನ್ನು ಬೇರೆ ಸಣ್ಣ ಪಾತ್ರೆಯಲ್ಲಿ ನನಗಾಗಿ ತಂದಿದ್ದರು. ನಾಲ್ಕು ತುತ್ತು ಉಂಡಿರಬೇಕು.

ಹಿಂಡಿತು.

ಮೊದಲ ಹಿಡಿತ ಹೋಯಿತು. ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಎರಡನೆಯದು ಬರುತ್ತದೆ ಎಂಬುದೂ ಗೊತ್ತಿತ್ತು. ಬೆನ್ನಿನ ಮೇಲೆ ತಣ್ಣನೆಯ ಬೆವರು. ಎದುರಿನ ಗೋಡೆಗೆ ಅಂಟಿಸಿದ ಫಲಕದಲ್ಲಿ ನಾನೇ ಬರೆಸಿದ ನಿಯಮದ ಅಕ್ಷರಗಳು. ಎಡಗೈಯಿಂದ ನೆಲವನ್ನು ಒತ್ತಿ ಹಿಡಿದೆ. ಶಾಂತಾಬಾಯಿ ಅನ್ನವನ್ನು ನಿಧಾನವಾಗಿ, ಸುಖವಾಗಿ ಉಣ್ಣುತ್ತಿದ್ದಳು. ಅವಳು ಹಾಗೆ ಉಣ್ಣಲೆಂದೇ ನಾನು ಈ ನಿಯಮ ಮಾಡಿದ್ದು. ಈಗ ಅವಳ ಒಂದೊಂದು ತುತ್ತನ್ನೂ ನೋಡುತ್ತ, ಬೇಗ ಮುಗಿಸು ತಾಯಿ, ಬೇಗ ಮುಗಿಸು ಎಂದು ಒಳಗೇ ಬೇಡುತ್ತಿದ್ದೆ. ಅಷ್ಟು ಹೀನಾಯವಾದ ಬೇಡಿಕೆಯನ್ನು ನಾನು ಬದುಕಿನಲ್ಲಿ ಇನ್ನೊಂದು ಮಾಡಿಲ್ಲ.

ಅತ್ತೆ ನನ್ನ ಮುಖ ನೋಡಿದರು. “ಏಳು,” ಎಂದರು.

“ಆಗೂದಿಲ್ರೀ.”

“ಏಳs, ಹುಚ್ಚಿ! ಇಲ್ಲೇ ಆದ್ರ ಯಾವ ತತ್ವ ಉಳೀತದ?”

ಎದ್ದೆ. ಎಂಜಲು ಕೈಯಲ್ಲಿಯೇ ಸೀರೆಯ ನೆರಿಗೆ ಹಿಡಿದು, ಎರಡು ಸಾಲಿನ ನಡುವಿನ ಓಣಿಯಲ್ಲಿ ಓಡಿದೆ. ಸಾರಿನ ಬಕೆಟ್ಟು ಹಿಡಿದು ನಿಂತಿದ್ದ ಅಪ್ಪಯ್ಯನನ್ನು ದಾಟುವಾಗ ಅವರ ಕಣ್ಣನ್ನು ನೋಡಲಿಲ್ಲ.

ಒಳಗೆ ಬಹಳ ಹೊತ್ತಾಯಿತು. ಈ ಕಾಯಿಲೆಯಲ್ಲಿ ಅವಸರದಿಂದ ಹೋಗಬಹುದು, ಅವಸರದಿಂದ ಬರಲಾಗುವುದಿಲ್ಲ. ತಗಡಿನ ಬಾಗಿಲಿನ ಹಿಂದೆ ಕೂತು ನಾನು ಸಭಾಭವನದ ಸದ್ದಿಗೆ ಕಿವಿಗೊಟ್ಟೆ. ಸದ್ದೇ ಇರಲಿಲ್ಲ. ಎಲ್ಲರೂ ಎದ್ದು ಹೋಗಿದ್ದಾರೆ ಎಂದುಕೊಂಡೆ. ಸಹಪಂಕ್ತಿ ಮುಗಿಯಿತು, ನನ್ನ ಕೈಯಿಂದಲೇ ಮುಗಿಯಿತು. ಹೋಟೆಲಿನ ಹೆಸರೂ ಹೋಯಿತು. ಅತ್ತೆ ಒಬ್ಬರೇ ಎಲೆ ಎತ್ತುತ್ತಿರಬಹುದು. ಕೈ ತೊಳೆದು ಅಂಗಳ ದಾಟಿ ಬಾಗಿಲಿಗೆ ಬಂದೆ.

ಯಾರೂ ಎದ್ದಿರಲಿಲ್ಲ.

ಇಡೀ ಪಂಕ್ತಿ ಕೂತಿತ್ತು. ಊಟ ಮುಗಿದವರ ಕೈ ಒಣಗಿ ಅನ್ನದ ಅಗುಳು ಬೆರಳಿಗೆ ಅಂಟಿಕೊಂಡಿತ್ತು. ಕೆಲವರು ಒಣಗಿದ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದರು. ಮಕ್ಕಳು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ; ಕೊನೆಯ ಎಲೆ ನನ್ನದು, ಅದರಲ್ಲಿ ಅನ್ನ ಹಾಗೇ ಇತ್ತು. ನನಗೆ ಅಳು ಬಂತು. ಇದು ಪ್ರೀತಿಯೋ, ನಾನೇ ಕಟ್ಟಿದ ಪಂಜರದಲ್ಲಿ ಊರನ್ನೂ ಕೂಡಿಹಾಕಿದ್ದೋ ಎಂದು ಆ ಕ್ಷಣಕ್ಕೆ ಹೇಳಲಾರದೆ ಹೋದೆ. ಆಮೇಲೆ ಇನ್ನೊಂದನ್ನು ಕಂಡೆ. ಎಷ್ಟೋ ಎಲೆಗಳಲ್ಲಿ ಸಾರು ಕಲಸಿದ ಅನ್ನ ಹಾಗೇ ಉಳಿದಿತ್ತು. ಅಪ್ಪಯ್ಯ ಮೂಲೆಯಲ್ಲಿ ಬಕೆಟ್ಟು ಕೆಳಗಿಟ್ಟು, ಖಾಲಿ ಸೌಟು ಹಿಡಿದು ನಿಂತಿದ್ದರು.

“ಸಾರು ಹಳಸೇದೇನ್ರಿ?” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ನಾನು ಬಾಗಿಲಲ್ಲೇ ನಿಂತು ಮಾತನಾಡಿದೆ. ನನ್ನ ಬದುಕಿನ ಅತ್ಯಂತ ಕಳಪೆ ಭಾಷಣ ಅದು.

“ಊಟದಲ್ಲಿ ಏನೂ ತಪ್ಪಿಲ್ಲ. ನನಗೆ ಕರುಳಿನಲ್ಲಿ ಹುಣ್ಣಿದೆ. ಬಹಳ ದಿನದಿಂದ ಇದೆ. ಊಟದಿಂದ ಬಂದದ್ದಲ್ಲ, ಯಾರಿಗೂ ಅಂಟುವುದಿಲ್ಲ, ವಾಸಿಯೂ ಆಗುವುದಿಲ್ಲ. ತಡೆದುಕೊಳ್ಳಲು ಆಗುವುದಿಲ್ಲ. ಹೋದ ವರ್ಷ ಬರದೇ ಇದ್ದದ್ದೂ ಇದಕ್ಕೇ. ಇಷ್ಟೇ.”

ಅಪ್ಪಯ್ಯನ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ತಲೆ ಆಡಿಸಿದರು, ಬೇಡ ಎಂದೋ, ಸರಿ ಎಂದೋ ತಿಳಿಯಲಿಲ್ಲ. ಸಾಲಿನಿಂದ ದೇಸಾಯಿಯವರು ನನ್ನ ಕಡೆ ತಿರುಗಿದರು.

“ಅಕ್ಕಾರ, ನಂದೂ ಒಂದು ವಿನಂತಿ ಅದ್ರಿ.”

“ಹೇಳ್ರಿ.”

“ನಾನೂ ಒಂದೀಟು ಹೋಗಿ ಬರ್ಲೇನ್ರಿ? ಕೋಸಂಬರಿ ಬಡಿಸೂ ಹೊತ್ತಿಗೇ ಬಂದಿತ್ತು.”

ಅವರ ಹೆಂಡತಿ ಹಣೆ ಬಡಿದುಕೊಂಡರು. “ಹಿಂದಿನ ದಿನದಿಂದ ನೀರs ಕುಡಿಯಾಂಗಿಲ್ರೀ ಇವರು. ವರ್ಷಾ ವರ್ಷಾ ಇದs ಹಾಡು. ಅಕ್ಕಾರ ನಿಯಮಾ, ಅಕ್ಕಾರ ನಿಯಮಾ ಅಂತ. ಪ್ರಾಸ್ಟೇಟ್ ಆಪರೇಶನ್ ಆದವರು!”

ಮೈಸೂರಿನ ಹುಡುಗಿ ಕೈ ಎತ್ತಿದಳು, ತರಗತಿಯಲ್ಲಿ ಎತ್ತುವಂತೆ. “ಮ್ಯಾಮ್, ನಾನೂ ಹೋಗ್ಲಾ? ಸೀರಿಯಸ್ಲಿ, ಇನ್ನು ಆಗ್ತಿಲ್ಲ. ಈ ಪಾಪು ಬೇರೆ ಒದೀತಾ ಇದೆ.”

ಮೊದಲು ನಕ್ಕವಳು ಶಾಂತಾಬಾಯಿ. ಆ ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹರಿಯಿತು. ಮೊಣಕಾಲು ಹಿಡಿದವರು ಕಾಲು ಚಾಚಿದರು. ಸಕ್ಕರೆ ಕಾಯಿಲೆಯವರು, ತಾಯಂದಿರು, ಮುದುಕರು ಒಬ್ಬರ ಹೆಗಲು ಒಬ್ಬರು ಹಿಡಿದು ಏಳತೊಡಗಿದರು. ಇಷ್ಟು ವರ್ಷ ನಾನು ಎಲೆಗಳ ಸಾಲನ್ನು ನೋಡಿ ಹಿಗ್ಗಿದ್ದೆ. ಎಲೆಯ ಹಿಂದೆ ಕೂತವರಿಗೆ ದೇಹವೂ ಇದೆ ಎಂದು ನನಗೆ ಈಗ ಕಂಡಿತು.

“ಹೋಗುವವರು ಹೋಗಿ ಬನ್ನಿ,” ಎಂದು ಅಪ್ಪಯ್ಯ ಗಟ್ಟಿಯಾಗಿ ಕೂಗಿದರು. “ಎಲೆ ತೆಗೀಬೇಡಿ. ಸಾರು ಬಿಸಿ ಮಾಡಿ ಇಡ್ತೇನೆ. ನಮ್ಮ ಸಾರಿಗೆ ಎಂತ ಆಗ್ಲಿಲ್ಲ.”

ಸೌಟನ್ನು ಅತ್ತೆಯ ಕೈಗೆ ಕೊಟ್ಟು, ನನ್ನ ಪಕ್ಕದಲ್ಲಿ ಅತ್ತೆ ಕೂತಿದ್ದ ಜಾಗದಲ್ಲಿ ಅಪ್ಪಯ್ಯ ಕುಳಿತುಬಿಟ್ಟರು. ನಾನೂ ಕುಳಿತೆ. ಅತ್ತೆ ಇಬ್ಬರಿಗೂ ಮೆತ್ತನೆಯ ಅನ್ನ, ಮಜ್ಜಿಗೆ ಬಡಿಸಿದರು. ಒಂದು ತುತ್ತು ಉಂಡೆ. ಇನ್ನೊಂದು ಉಂಡೆ. ಮೂರನೆಯದನ್ನು ಕೈಯಲ್ಲಿ ಎತ್ತಿಕೊಂಡಾಗ ಹೊಟ್ಟೆ ಮತ್ತೆ ಹಿಂಡಿತು. ಅಂಥದೊಂದು ಮಾತು ಹೇಳಿಬಿಟ್ಟ ಮಾತ್ರಕ್ಕೆ ಕರುಳು ತಣ್ಣಗಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ.

ಅಂಗಳಕ್ಕೆ ಓಡಿದೆ. ಅಲ್ಲಿ ಆ ಒಂದೇ ಬಾಗಿಲಿನ ಮುಂದೆ ಉದ್ದನೆಯ ಸರದಿ. ಬ್ಯಾಂಕಿನವರು, ಪಾತ್ರೆ ತೊಳೆಯುವವರು, ಐಟಿಯವರು, ಎಲ್ಲರೂ ಒಣಗಿದ ಬಲಗೈ ಎತ್ತಿ ಹಿಡಿದು ನಿಂತಿದ್ದರು. ನಾನು ಎಲ್ಲರ ಹಿಂದೆ ಹೋಗಿ ನಿಂತೆ. ಬಾಗಿಲ ಬಳಿಯಿಂದ ದೇಸಾಯಿಯವರು ತಿರುಗಿ ನೋಡಿದರು.

“ಅಕ್ಕಾರ, ಅಲ್ಲ್ಯಾಕ ನಿಂತೀರಿ? ಮುಂದ ಬರ್ರಿ. ನಮ್ಮದೆಲ್ಲಾ ಇನ್ನೊಂದೀಟು ತಡೀತದ.”

ಎಲ್ಲರೂ ಗೋಡೆಯ ಕಡೆ ಸರಿದು ದಾರಿ ಬಿಟ್ಟರು. ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು ನ್ಯಾಯ ಸಲ್ಲದು ಎಂದು ಹೇಳಲು ಅಭ್ಯಾಸಬಲದಿಂದ ಬಾಯಿ ತೆರೆದೆ. ವಾದ ಪೂರ್ತಿಯಾಗಿ, ಮೂರು ಅಂಶಗಳಲ್ಲಿ, ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಅರ್ಧಕ್ಕೆ ಬಿಟ್ಟು, ಮುಂದೆ ಹೋದೆ.